ಸಕಲ ಋಣಭಾರಗಳಿಂದ ಮುಕ್ತ

ಹೆದ್ದಾರಿಯ ವಿಶ್ರಾಂತಿ ತಾಣ ಮೊದಲು ಗುರುತು ಮಾಡಿದ್ದ ಗುಡ್ಡದ ಬುಡ ಬಿಟ್ಟು ನಮ್ಮೂರ ಗದ್ದೆಬಯಲಿಗೆ ಬರುತ್ತಿದೆ, ಭೂ ಬಳಕೆ ಬದಲಾವಣೆಗೆ ಒಪ್ಪಿಗೆಯೂ ಸಿಕ್ಕಿದೆ. ಸುದ್ದಿ ನೀವೂ ಓದಿದ್ದೀರಿ, ಮತ್ತೆ ಹೇಳಿ ಬೇಸರ ಮಾಡುವುದಿಲ್ಲ. ಗುಡ್ಡದ ಬುಡ ಯಾಕೆ ಬೇಡವಾಯಿತು ಎಂದರೆ ‘ತಾಂತ್ರಿಕ ಕಾರಣ’. ಕಚೇರಿ ಕನ್ನಡದಲ್ಲಿ ಇಷ್ಟು ದೊಡ್ಡ ಹೊಟ್ಟೆಯ ಪದ ಇನ್ನೊಂದಿಲ್ಲ. ಏನು ತುಂಬಿದರೂ ಹಿಡಿಯುತ್ತದೆ. ಆ ಗುಡ್ಡದ ಬುಡದಲ್ಲಿ ಹೋದ ವರ್ಷ ಎದ್ದ ಕಮಾನು ಯಾರ ಲೇಔಟಿನದು ಅಂತ ಸ್ಕೂಲ್ ವ್ಯಾನಿನ ಮಕ್ಕಳಿಗೂ ಗೊತ್ತು. ಬಿಡಿ.

ಗದ್ದೆಯನ್ನೇ ಯಾಕೆ ಆರಿಸಿದರು ಎಂದು ಕೇಳುವವರು ಗದ್ದೆ ನೋಡಿದವರಲ್ಲ. ಗದ್ದೆಯಷ್ಟು ಮಟ್ಟಸವಾದ ಜಾಗ ಈ ಭೂಮಿಯ ಮೇಲೆ ತಾನಾಗಿ ಹುಟ್ಟುವುದಿಲ್ಲ. ಒಂದು ಕಡೆ ನೀರು ಬಿಟ್ಟರೆ ಇನ್ನೊಂದು ಮೂಲೆಗೆ ಬೆರಳುದ್ದವೂ ಹೆಚ್ಚುಕಮ್ಮಿಯಾಗದೆ ನಿಲ್ಲಬೇಕು ಅಂತ ಮೂರು ತಲೆಮಾರು ಎತ್ತು ಕಟ್ಟಿ, ಹಲಗೆ ಎಳೆದು, ಬದು ಕಟ್ಟಿ ಸಮ ಮಾಡಿಟ್ಟಿರುತ್ತಾರೆ. ಗುಡ್ಡದ ಬುಡದಲ್ಲಾದರೆ ಬಂಡೆ ಒಡೆಯಬೇಕು, ಜೆಸಿಬಿಗೆ ಡೀಸೆಲ್ ಸುರಿಯಬೇಕು. ಇಲ್ಲಿ ನೂರು ವರ್ಷದ ಲೆವೆಲಿಂಗ್ ಬಿಟ್ಟಿ. ಇಷ್ಟು ಸೂಕ್ಷ್ಮವಾಗಿ ಉಳಿತಾಯ ಮಾಡುವ ಸರ್ಕಾರವನ್ನು ಹೊಗಳದಿದ್ದರೆ ನಾಲಗೆಗೆ ಹುಳ ಬೀಳುತ್ತದೆ.

ಆ ಬಯಲಿನಲ್ಲಿ ನಮ್ಮ ಭಾವನದೂ 1 ಎಕರೆ 14 ಗುಂಟೆ ಇದೆ. ಹಾಗಾಗಿ ಈ ಅಂಕಣಕಾರ ನಿಷ್ಪಕ್ಷಪಾತಿಯಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ಭಾವನಿಗೊಂದು ಆಸೆ ಹುಟ್ಟಿತ್ತು. ಗದ್ದೆಯ ಒಂದು ಅಂಚು ರಸ್ತೆಗೆ ತಾಗುತ್ತದಲ್ಲ, ಅಲ್ಲಿ ಅಕ್ಕನಿಗೊಂದು ಟೀ ಅಂಗಡಿ ಹಾಕಿಕೊಡೋಣ ಅಂತ. ನಾಲ್ಕು ಕಂಬ, ಮೇಲೆ ತಗಡು, ಎರಡು ಬೆಂಚು. ಪಾಪ, ಮನುಷ್ಯ ಕಾನೂನಿಗೆ ಹೆದರುವವನು. ಕಚೇರಿಗೆ ಹೋಗಿ ಕೇಳಿದ. ಅಲ್ಲಿ ಕುಳಿತವರು ತಲೆ ಎತ್ತದೆ ಹೇಳಿದ ಮಾತು ಅವನಿಗೆ ಈಗಲೂ ಬಾಯಿಪಾಠ: ‘ಅದು ಕೃಷಿ ಜಮೀನು ಕಣ್ರೀ. ಟೀ ಕಾಯಿಸೋಕೆ ಅಲ್ಲ ಇರೋದು.’ ಕರ್ನಾಟಕ ಭೂಕಂದಾಯ ಕಾಯ್ದೆ 1964, ಕಲಂ 95. ಕೃಷಿಯೇತರ ಬಳಕೆಗೆ ಕನ್ವರ್ಷನ್ ಆಗಲೇಬೇಕು. ಪಹಣಿ ತನ್ನಿ, ಮ್ಯುಟೇಶನ್ ತನ್ನಿ, ಸರ್ವೆಯವರ 11ಇ ನಕ್ಷೆ ತನ್ನಿ. ಜಮೀನಿನ್ನೂ ತಾತನ ಹೆಸರಲ್ಲಿದೆಯಲ್ಲ, ಪೌತಿ ಖಾತೆ ಮಾಡಿಸಿ. ಪಾಲು ಅಳೆದು ಬೇರೆ ಮಾಡುವ ಪೋಡಿ ಆಗಿಲ್ಲವಲ್ಲ, ಮೊದಲು ಪೋಡಿ ಮಾಡಿಸಿ. ಮೂರು ಜನ ಚಿಕ್ಕಪ್ಪಂದಿರ ಮಕ್ಕಳ ಸಹಿ ಹಾಕಿಸಿ. ಅದರಲ್ಲೊಬ್ಬ ಮುಂಬೈನಲ್ಲಿದ್ದಾನೆ, ಅವನ ಫೋನ್ ನಂಬರ್ ಅವನ ತಾಯಿಯ ಹತ್ತಿರವೂ ಇಲ್ಲ. ಟೀ ಅಂಗಡಿಯ ಕತೆ ಅಲ್ಲಿಗೇ ಆರಿಹೋಯಿತು. ತಗಡು ಈಗ ದನದ ಕೊಟ್ಟಿಗೆ ಮೇಲಿದೆ.

ಈಗ ಅದೇ ಸರ್ವೆ ನಂಬರಿನ ಮೇಲೆ ಪೆಟ್ರೋಲ್ ಬಂಕು, ಕಾಫಿ ಕೌಂಟರು, ಚಾರ್ಜಿಂಗ್ ಪಾಯಿಂಟು, ನೂರಾರು ಕಾರು ನಿಲ್ಲುವ ಪಾರ್ಕಿಂಗು ಬರಲಿವೆ. ಪೋಡಿ ಬೇಕಿಲ್ಲ, ಪೌತಿ ಬೇಕಿಲ್ಲ, ಮುಂಬೈನವನ ಸಹಿಯೂ ಬೇಕಿಲ್ಲ. ನಾಲ್ಕು ಕಂಬದ ಟೀ ಅಂಗಡಿಯಿಂದ ಹಾಳಾಗಬಹುದಾಗಿದ್ದ ಫಲವತ್ತಾದ ಮಣ್ಣು ಕಾಂಕ್ರೀಟಿನಡಿ ಸುರಕ್ಷಿತವಾಗಿರುತ್ತದೆ ಅಂತ ಕಾಣುತ್ತದೆ.

ಕಾನೂನು ಇಲ್ಲವೇ ಅಂದಿರಾ? ಇದೆ, ಬಹಳ ಚೆಂದದ್ದೇ ಇದೆ. 2013ರ ಭೂಸ್ವಾಧೀನ ಕಾಯ್ದೆಯ ಕಲಂ 10 ಓದಿದರೆ ಕಣ್ಣು ಒದ್ದೆಯಾಗುತ್ತದೆ. ನೀರಾವರಿಯ, ಒಂದಕ್ಕಿಂತ ಹೆಚ್ಚು ಬೆಳೆ ತೆಗೆಯುವ ಜಮೀನನ್ನು ಮುಟ್ಟಬೇಡಿ. ಬೇರೆ ದಾರಿಯೇ ಇಲ್ಲವೆಂದು ತೋರಿಸಿದ ಮೇಲೆ, ಕೊನೆಯ ಉಪಾಯವಾಗಿ ಮಾತ್ರ ತೆಗೆದುಕೊಳ್ಳಿ. ತೆಗೆದುಕೊಂಡರೆ ಅಷ್ಟೇ ಪಾಳು ಭೂಮಿಯನ್ನು ಸಾಗುವಳಿಗೆ ಹದ ಮಾಡಿಕೊಡಿ ಅನ್ನುತ್ತದೆ. ಓದಿ ಭಾವನಿಗೆ ಫೋನ್ ಮಾಡಲು ಹೊರಟಿದ್ದೆ. ಅಷ್ಟರಲ್ಲಿ ಹಿಂದಿನ ಪುಟಗಳಲ್ಲಿ ನಾಲ್ಕನೇ ಅನುಸೂಚಿ ಸಿಕ್ಕಿತು. ಈ ಕಾಯ್ದೆ ಅನ್ವಯಿಸದ 13 ಕಾಯ್ದೆಗಳ ಪಟ್ಟಿ ಅದು. ಅದರಲ್ಲಿ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯೂ ಇದೆ, ರೈಲ್ವೆಯದೂ ಇದೆ, ಮೆಟ್ರೊದೂ ಇದೆ. ಪರಿಹಾರದ ಲೆಕ್ಕ ಅವಕ್ಕೂ ಅನ್ವಯ, ಗದ್ದೆ ಉಳಿಸುವ ಕಲಂ ಮಾತ್ರ ಇಲ್ಲ. ಊರಿಗೆಲ್ಲ ನಾಯಿ ಕಟ್ಟಿಹಾಕಿ ಅಂತ ಡಂಗುರ ಹೊಡೆಸಿ, ಕಚ್ಚುವ ನಾಯಿಗಳಿಗೆ ವಿನಾಯಿತಿ ಕೊಟ್ಟ ಹಾಗೆ.

ಹೆದ್ದಾರಿ ಕಾಯ್ದೆಯ ಭಾಷೆಗೆ ನಾನಂತೂ ಮಾರುಹೋಗಿದ್ದೇನೆ. ಅದರ ಕಲಂ 3ಎ ಎಂದರೆ ನಿಮ್ಮ ಜಮೀನಿನ ಮೇಲೆ ಕಣ್ಣು ಬಿತ್ತು ಅಂತ. 3ಡಿ ಪ್ರಕಟವಾದರೆ ಜಮೀನು ‘ಸಕಲ ಋಣಭಾರಗಳಿಂದ ಮುಕ್ತವಾಗಿ’ ಕೇಂದ್ರ ಸರ್ಕಾರದಲ್ಲಿ ನಿಹಿತವಾಗುತ್ತದೆ. ಋಣಭಾರ ಅಂದರೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುವ ಋಣಭಾರ ಪ್ರಮಾಣಪತ್ರ, ಅಂದರೆ ಇಸಿಯಲ್ಲಿ ಇರುತ್ತದಲ್ಲ, ಸಾಲ, ಅಡಮಾನ, ಅದು. ಆದರೆ ಮಣ್ಣಿನ ಋಣ ಅಂತಲೂ ಒಂದಿದೆಯಲ್ಲ ನಮ್ಮಲ್ಲಿ. ಅನ್ನದ ಋಣ, ನೀರಿನ ಋಣ. ತಿಥಿಯ ದಿನ ಆ ಗದ್ದೆಯ ಬದುವಿನ ಮೇಲೇ ಎಡೆ ಇಡುತ್ತಾರೆ ನಮ್ಮಕ್ಕ, ತಾತನನ್ನು ಅಲ್ಲೇ ಮಣ್ಣು ಮಾಡಿದ್ದಾರೆ ಅಂತ. ಅವೆಲ್ಲ ಇಸಿಯಲ್ಲಿ ಬರುವುದಿಲ್ಲ. ಗೆಜೆಟ್‌ನ ಒಂದು ಸಾಲಿನಲ್ಲಿ ಎಲ್ಲದರಿಂದ ಬಿಡುಗಡೆ. ಕಾಶಿಗೆ ಹೋದರೂ ಇಷ್ಟು ಸುಲಭವಾಗಿ ಋಣ ಹರಿಯುವುದಿಲ್ಲ.

ವಿಶ್ರಾಂತಿ ಅಂದಾಗ ನೆನಪಾಯಿತು. ನಮ್ಮೂರಿನಿಂದ ಸಂತೆಗೆ ಹೋಗುವ ಹಳೇ ದಾರಿಯಲ್ಲಿ ತಲೆಹೊರೆ ಇಳಿಸುವ ಕಲ್ಲು ಈಗಲೂ ಇದೆ. ಎರಡು ಕಲ್ಲು ನೆಟ್ಟು ಮೇಲೊಂದು ಚಪ್ಪಡಿ, ಎದೆಯೆತ್ತರ. ಹೊರೆ ಹೊತ್ತವನು ಬಗ್ಗದೆ, ಇನ್ನೊಬ್ಬರ ಸಹಾಯ ಕೇಳದೆ ಇಳಿಸಿ, ಬೆವರೊರೆಸಿಕೊಂಡು ಮತ್ತೆ ತಲೆಗೇರಿಸಿಕೊಂಡು ಹೋಗಬಹುದು. ಗುಂಟೆಗೆ ಹದಿನಾರು ಆಣೆ. ಆ ಕಲ್ಲಿಗೆ ಹಿಡಿದಿರುವ ಜಾಗ ಅರ್ಧ ಆಣೆಯೂ ಇಲ್ಲ. ಯಾರೋ ಬಸುರಿ ಹೆಂಗಸು ತೀರಿಕೊಂಡಾಗ ಅವಳ ಹೆಸರಲ್ಲಿ ನೆಡಿಸಿದ್ದು ಅನ್ನುತ್ತಾರೆ. ಇನ್ನು ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳು. ಅಷ್ಟುದ್ದಕ್ಕೂ ವಿಶ್ರಾಂತಿ ತಾಣವೇ, ಟೋಲ್ ಇಲ್ಲ, ಕನ್ವರ್ಷನ್ ಇಲ್ಲ. 2019ರಲ್ಲಿ ರಸ್ತೆ ಅಗಲ ಮಾಡುತ್ತೇವೆ ಅಂತ ಆ ಮರಗಳ ಬುಡಕ್ಕೇ ಬಂದಿದ್ದರು. ಪದ್ಮಶ್ರೀ ಕೊಟ್ಟ ವರ್ಷವೂ ಅದೇ. ಆ ಅಜ್ಜಿ ಮುಖ್ಯಮಂತ್ರಿಯ ತನಕ ಹೋಗಿ ಕೇಳಿಕೊಳ್ಳಬೇಕಾಯಿತು. ನಮ್ಮ ಭಾವನಿಗೆ ಪದ್ಮಶ್ರೀ ಇಲ್ಲ, ತಹಶೀಲ್ದಾರರ ತನಕ ಹೋಗುವುದೇ ಕಷ್ಟ.

ಎಲ್ಲಿಗೋ ಹೋದೆ. ಜಂಟಿ ಅಳತೆಯ ದಿನ ನಾನೂ ಗದ್ದೆಯಲ್ಲಿದ್ದೆ. ಕೆಂಪು ಪೇಂಟಿನ ಡಬ್ಬಿ ಹಿಡಿದ ಹುಡುಗನೊಬ್ಬ ಬದುವಿನ ತೆಂಗಿನ ಮರಗಳಿಗೆ ನಂಬರ್ ಬರೆಯುತ್ತಾ ಬಂದ. ಒಂದು, ಎರಡು, ಮೂರು. ಏಳರ ಹತ್ತಿರ ಬಂದಾಗ ಜೊತೆಯಲ್ಲಿದ್ದ ಸಾಹೇಬರಿಗೆ ಬಿಸಿಲು ಜೋರಾಯಿತು. ‘ಎಳನೀರು ಸಿಗುತ್ತಾ?’ ಅಂದರು. ಭಾವ ಲುಂಗಿ ಎತ್ತಿಕಟ್ಟಿ ಅದೇ ಮರ ಹತ್ತಿದ. ಪೇಂಟ್ ಇನ್ನೂ ಆರಿರಲಿಲ್ಲ. ಏಳರ ಬಾಲ ಅವನ ಮೊಣಕಾಲಿಗೆ ಅಂಟಿತು. ಸಾಹೇಬರು ಎರಡು ಕುಡಿದರು, ಗಂಜಿ ಕೆತ್ತಿಸಿಕೊಂಡು ತಿಂದರು, ಚೆನ್ನಾಗಿದೆ ಅಂದರು. ಆಮೇಲೆ ಪುಸ್ತಕದಲ್ಲಿ ‘ತೆಂಗು, ಫಸಲು ಬರುತ್ತಿರುವುದು’ ಅಂತ ಪ್ರಾಮಾಣಿಕವಾಗಿ ಬರೆದುಕೊಂಡರು. ಕುಡಿದು ಖಾತ್ರಿ ಮಾಡಿಕೊಂಡಿದ್ದಾರೆ, ಸುಳ್ಳು ಬರೆಯುವ ಹಾಗಿಲ್ಲ.

ಪರಿಹಾರ ಕೊಡುತ್ತಾರೆ, ಕೊಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬೆಲೆಯ ಮೇಲೆ ಶೇ 100ರಷ್ಟು ಸೊಲೇಶಿಯಂ ಬೇರೆ. ಅಂದರೆ ಸಾಂತ್ವನದ ದುಡ್ಡು. ಸಮಾಧಾನ ಮಾಡುವುದಕ್ಕೂ ದರಪಟ್ಟಿ ಮಾಡಿದ ದೇಶ ನಮ್ಮದು. ಆದರೆ ಬೆಲೆ ಕಟ್ಟುವಾಗ ಅಕ್ಕಪಕ್ಕದ ಮೂರು ವರ್ಷದ ಕ್ರಯಪತ್ರ ನೋಡುತ್ತಾರೆ. ನಮ್ಮವರು ಸ್ಟ್ಯಾಂಪ್ ಡ್ಯೂಟಿ ಉಳಿಸುವ ಆಸೆಗೆ ಅರ್ಧ ದುಡ್ಡು ಪತ್ರದಲ್ಲಿ, ಅರ್ಧ ಕೈಚೀಲದಲ್ಲಿ ಅಂತ ಬರೆಸಿರುತ್ತಾರೆ. ಆ ಜಾಣತನ ಈಗ ಬಡ್ಡಿ ಸಮೇತ ವಾಪಸ್ ಬರುತ್ತದೆ. ಇದನ್ನು ಭಾವನಿಗೆ ಹೇಳಿದೆ. ಅವನೇ ಪಕ್ಕದ ಹನ್ನೆರಡು ಗುಂಟೆಯ ಅಂಥದ್ದೇ ಪತ್ರಕ್ಕೆ ಸಾಕ್ಷಿ ಹಾಕಿದ್ದವನು, ಮಾತು ಬದಲಿಸಿದ.

ಹೆದ್ದಾರಿಯಲ್ಲಿ ಶೌಚಾಲಯ ಬೇಡ ಅಂತ ನಾನು ಹೇಳಿದೆ ಅಂತ ಯಾರೂ ಕಾಗದ ಬರೆಯಬೇಡಿ. ಬೇಕು. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿ ಎರಡೇ ದಿನಕ್ಕೆ ಟೋಲ್ ವಸೂಲಿ ಶುರುವಾಯಿತು. ಶೌಚಾಲಯ ಎಲ್ಲಿ ಅಂತ ಜನ ಕೇಳುತ್ತಲೇ ಇದ್ದರು. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಎಲ್ಲ ಬೈಪಾಸಿನ ಆಚೆ ಉಳಿದವು. ಮೊದಲು ಊರುಗಳನ್ನು ತಪ್ಪಿಸಿ ರಸ್ತೆ ಮಾಡುವುದು, ಆಮೇಲೆ ಕೂರಲು, ತಿನ್ನಲು ಜಾಗವಿಲ್ಲ ಅಂತ ಗದ್ದೆಯಲ್ಲಿ ಊರು ಕಟ್ಟುವುದು. ರಾತ್ರಿಯಿಡೀ ಲಾರಿ ಓಡಿಸುವವನಿಗೆ ಮಲಗಲು ಜಾಗ ಬೇಕು, ಹೆಣ್ಣುಮಕ್ಕಳು ನೂರು ಕಿಲೋಮೀಟರ್ ಹೊಟ್ಟೆ ಹಿಡಿದುಕೊಂಡು ಕೂರಬಾರದು. ಅದನ್ನು ಯಾರೂ ಅಲ್ಲಗಳೆದಿಲ್ಲ. ಜಾಗ ಇತ್ತು. ನಕ್ಷೆಯಲ್ಲಿ ಗುರುತೂ ಆಗಿತ್ತು. ಬೆಳೆ ಬರದ, ಮನೆಯಿಲ್ಲದ ಜಾಗ. ಅದನ್ನು ಬಿಟ್ಟು ವರ್ಷಕ್ಕೆ ಎರಡು ಬೆಳೆ ಬರುವ ಗದ್ದೆಗೆ ಬಂದಿದ್ದೀರಿ, ಯಾಕೆಂದರೆ ಇಲ್ಲಿನವರು ಯಾರೂ ಕಮಾನು ಕಟ್ಟಿಸಿಲ್ಲ, ಇವರ ಫೋನನ್ನು ಯಾರೂ ಎತ್ತುವುದಿಲ್ಲ. ಇಷ್ಟೇ ವಿಷಯ. ಇದಕ್ಕೆ ‘ತಾಂತ್ರಿಕ’ ಅಂತ ಹೆಸರಿಟ್ಟು ಇನ್ನೂ ಎಷ್ಟು ದಿನ ನಮ್ಮ ಕೈಲಿ ತಮಾಷೆ ಮಾಡಿಸುತ್ತೀರಿ? ನನಗಂತೂ ಸಾಕಾಗಿದೆ.

ಆಕ್ಷೇಪಣೆಗೆ 21 ದಿನ ಕೊಡುತ್ತಾರೆ. ಎರಡು ಪತ್ರಿಕೆಯಲ್ಲಿ ಜಾಹೀರಾತು, ಒಂದು ಸ್ಥಳೀಯ ಭಾಷೆಯಲ್ಲೇ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಇತ್ತು. ಹೆಸರು ಬದಲಾವಣೆಯ ಪ್ರಕಟಣೆಗಳ ಕೆಳಗೆ, ಸಾಸಿವೆ ಚೆಲ್ಲಿದ ಹಾಗೆ ಸರ್ವೆ ನಂಬರುಗಳು. ಹುಡುಕಿ ತೋರಿಸಿದವನು ಹಾಲಿನ ಡೈರಿಯ ಹುಡುಗ. ವಿಚಾರಣೆಯ ದಿನ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದಿದ್ದರು. ಮಧ್ಯಾಹ್ನ ಮೂರಕ್ಕೆ ಕರೆದರು. ಅಷ್ಟೂ ಹೊತ್ತು ವಯಸ್ಸಾದವರೆಲ್ಲ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಬೆಂಚಿಲ್ಲ, ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ. ಪ್ರಯಾಣಿಕರ ವಿಶ್ರಾಂತಿಯ ಬಗ್ಗೆ ಒಳಗೆ ಗಂಭೀರ ಚರ್ಚೆ ನಡೆಯುತ್ತಿತ್ತು.

ಭಾವ ಒಳಗೆ ಹೋಗಿ ಕೇಳಿದ್ದು ಒಂದೇ ಪ್ರಶ್ನೆ. ‘ಸಾ, ಈ ಸಲ ನಾಟಿ ಹಾಕ್ಲಾ, ಬ್ಯಾಡ್ವಾ?’ ಆಕ್ಷೇಪಣೆ ಅಂದರೆ ಹಾಗಲ್ಲ, ಬರಹದಲ್ಲಿ ಕೊಡಬೇಕು ಅಂದರಂತೆ. ಬರೆದೇ ಕೊಟ್ಟಿದ್ದೆ ನಾನು, ಎರಡು ಪುಟ, ಕಲಂ 10ನ್ನೂ ಸೇರಿಸಿ. ಓದಿದರೋ ಇಲ್ಲವೋ. ಪ್ರಾಧಿಕಾರಿಯ ಆದೇಶವೇ ಅಂತಿಮ ಅಂತ ಅದೂ ಕಾಯ್ದೆಯಲ್ಲೇ ಇದೆ.

ನಾಟಿ ಹಾಕಿದ್ದಾನೆ. ನಾಲೆಗೆ ನೀರು ಬಿಟ್ಟಿದ್ದರು, ಸುಮ್ಮನೆ ಕೂರಲು ಮನಸ್ಸಾಗಲಿಲ್ಲವಂತೆ.

ಹೋದ ವಾರ ಊರಿಗೆ ಹೋದಾಗ ಅಕ್ಕ ಕೇಳಿದಳು, ‘ಅಲ್ಲಿ ಕಟ್ತಾರಲ್ಲ ಕಕ್ಕಸು, ಗದ್ದೆ ಕೆಲಸದ ಹೆಂಗಸ್ರನ್ನ ಬುಡ್ತಾರಾ?’ ಬಿಡುವುದಿಲ್ಲ ಅಂತ ಹೇಗೆ ಹೇಳುವುದು? ಹಿಂದುಗಡೆ ಬೇಲಿ ಬರುತ್ತದೆ, ಒಳಗೆ ಬರಲು ಹೆದ್ದಾರಿಯಿಂದಲೇ ಬರಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು ನಿಷೇಧ. ಇಲ್ಲೂ ಅದೇ ನಿಯಮ ಅನ್ನುತ್ತಿದ್ದಾರೆ. ಭಾವನ ಹತ್ತಿರ ಇರುವುದು ಒಂದು ಟಿವಿಎಸ್.

ಅವನಿಗೆ ಇದು ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ. ಬದುವಿನ ಮೇಲೆ ಕೂತು ಬೀಡಿ ಹಚ್ಚಿಕೊಂಡು ಹೇಳಿದ, ‘ನಿಂದು ಕಾರಲ್ವೇನಪ್ಪಾ, ನಿನ್ನ ಬುಡ್ತಾರೆ. ಆ ಏಳ್ನೇ ನಂಬರ್ ಮರ ಉಳಿಸವ್ರಾ ಅಂತ ಒಂದ್ಸತಿ ನೋಡ್ಕಂಡ್ ಬಾ.’