ಮಾರಾಟ ಮುರಿದರೂ ಮರಳದ ಶುಲ್ಕ

ಕಳೆದ ವಾರ ಗ್ರಾಹಕರೊಬ್ಬರು ಕುಂಬಾರಿಕೆ ಮಾಡುವ ನನ್ನಿಂದ ಕೊಂಡಿದ್ದ ಆರು ಬಟ್ಟಲುಗಳ ಸೆಟ್ಟನ್ನು ಹಿಂದಿರುಗಿಸಿದರು. ಬಣ್ಣ ಅವರ ಊಟದ ಮೇಜಿಗೆ ಒಪ್ಪಲಿಲ್ಲವಂತೆ. ಇರಲಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಅವರು ಕೊಟ್ಟಿದ್ದ ಹಣವನ್ನು ಅಂದೇ ಪೂರ್ತಿಯಾಗಿ ವಾಪಸು ಮಾಡಿದೆ. ಆದರೆ ಸಂಜೆ ಲೆಕ್ಕ ತೆಗೆದು ನೋಡಿದಾಗ, ಆ ಮಾರಾಟದ ಮೇಲೆ ಕಾರ್ಡ್ ಪಾವತಿ ನಡೆಸಿಕೊಡುವ ಕಂಪನಿ ಮೊದಲೇ ಮುರಿದುಕೊಂಡಿದ್ದ ಶುಲ್ಕ ಮಾತ್ರ ನನ್ನ ಖಾತೆಗೆ ಮರಳಿರಲಿಲ್ಲ. ಆ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದರೆ, ಶುಲ್ಕ ಇರುವುದು ವ್ಯವಹಾರ ನಡೆಸಿಕೊಟ್ಟದ್ದಕ್ಕೆ, ಹಣ ವಾಪಸಾದದ್ದು ಬೇರೆಯೇ ವ್ಯವಹಾರ ಎಂಬ ಉತ್ತರ ಬಂತು. ಹೌದು, ಒಪ್ಪಂದದ ಒಂದು ಮೂಲೆಯಲ್ಲಿ ಹಾಗೆಂದು ಬರೆದಿದೆ. ನಾನು ಓದದೆ ಸಹಿ ಹಾಕಿದ್ದೆ.

ನೂರಕ್ಕೆ ಎರಡೋ ಮೂರೋ ತಾನೇ, ಅಷ್ಟಕ್ಕೇಕೆ ಇಷ್ಟು ಗೋಳು ಎನ್ನುವವರಿದ್ದಾರೆ. ಅವರು ಮರೆಯುವುದೇನೆಂದರೆ, ಶುಲ್ಕ ಬೀಳುವುದು ನನ್ನ ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೆ. ಮಣ್ಣು, ಮೆರುಗು, ಆವಗೆಯ ಉರಿ, ಒಡೆದುಹೋದವುಗಳ ನಷ್ಟ, ಮಳಿಗೆಯ ಬಾಡಿಗೆ ಎಲ್ಲ ಕಳೆದು ನೂರರಲ್ಲಿ ಮೂವತ್ತು ನನ್ನ ಕೈಯಲ್ಲಿ ಉಳಿದರೆ, ಅದರಿಂದ ಹೋಗುವ ಮೂರು ಎಂದರೆ ನನ್ನ ಕೂಲಿಯ ಹತ್ತನೆಯ ಒಂದು ಪಾಲು. ಇದರ ಜೊತೆಗೆ ಪ್ರತಿ ವ್ಯವಹಾರಕ್ಕೂ ಒಂದು ನಿಗದಿತ ಮೊತ್ತ ಬೇರೆ ಇರುವುದರಿಂದ, ಒಂದೇ ಒಂದು ಚಿಕ್ಕ ಹಣತೆಯನ್ನು ಕಾರ್ಡಿನಲ್ಲಿ ಮಾರಿದ ದಿನ ನಾನು ದುಡಿದದ್ದು ಯಾರಿಗಾಗಿ ಎಂಬುದೇ ತಿಳಿಯುವುದಿಲ್ಲ.

ಈ ಶುಲ್ಕದಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಗ್ರಾಹಕರಿಗೆ ಕಾರ್ಡು ಕೊಟ್ಟ ಬ್ಯಾಂಕಿನದು. ಉಳಿದದ್ದನ್ನು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲವೂ ನನಗೆ ಯಂತ್ರ ಕೊಟ್ಟ ಕಂಪನಿಯೂ ಹಂಚಿಕೊಳ್ಳುತ್ತವೆ. ಕಾರ್ಡು ಮೇಲ್ದರ್ಜೆಯದಾಗಿ, ಅದರಲ್ಲಿ ಬಹುಮಾನದ ಪಾಯಿಂಟುಗಳು ಹೆಚ್ಚಿದ್ದರೆ ಬ್ಯಾಂಕಿನ ಪಾಲೂ ಅನೇಕ ಕಡೆ ಹೆಚ್ಚಾಗುತ್ತದೆ. ಅಂದರೆ ಗ್ರಾಹಕರ ವಿಮಾನ ಪ್ರಯಾಣದ ಪುಣ್ಯಕ್ಕೆ ನನ್ನ ತಿರುಗಣೆಯೂ ಒಂದಿಷ್ಟು ತಿರುಗುತ್ತದೆ. ಈ ದರವೇನೂ ವಿಧಿಬರಹವಲ್ಲ. ಯುರೋಪಿಯನ್ ಒಕ್ಕೂಟವು 2015ರಲ್ಲಿ ಕಾನೂನು ಮಾಡಿ, ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡುಗಳಲ್ಲಿ ಬ್ಯಾಂಕು ಪಡೆಯುವ ಈ ಪಾಲಿಗೆ ಶೇಕಡಾ 0.3ರ ಮಿತಿ ಹಾಕಿತು. ಅಲ್ಲಿ ಕಾರ್ಡುಗಳೇನೂ ಮಾಯವಾಗಲಿಲ್ಲ.

ಯಂತ್ರದ ತಿಂಗಳ ಬಾಡಿಗೆಯನ್ನು ಹೇಗೋ ಸಹಿಸಿಕೊಂಡಿದ್ದೇನೆ. ವರ್ಷಕ್ಕೊಮ್ಮೆ ತುಂಬಬೇಕಾದ ಭದ್ರತಾ ಪ್ರಶ್ನಾವಳಿಯನ್ನೂ ತುಂಬುತ್ತೇನೆ. ಅದು ಕಂಪ್ಯೂಟರನ್ನು ಹೊರಗಿನ ದಾಳಿಯಿಂದ ಕಾಯುವ ನನ್ನ ಫೈರ್‌ವಾಲಿನ ಬಗ್ಗೆ ವಿಚಾರಿಸುತ್ತದೆ, ನನಗೆ ಗೊತ್ತಿರುವ ಬೆಂಕಿಯ ಗೋಡೆ ಆವಗೆಯದೊಂದೇ.

ಸಹಿಸಲಾಗದ್ದು ಚಾರ್ಜ್‌ಬ್ಯಾಕ್, ಅಂದರೆ ಗ್ರಾಹಕರು ತಮ್ಮ ಬ್ಯಾಂಕಿಗೆ ದೂರು ಕೊಟ್ಟು ಕಾರ್ಡಿನ ಹಣವನ್ನು ಹಿಂದಕ್ಕೆ ಪಡೆಯುವುದು. ದೂರದ ಗ್ರಾಹಕರೊಬ್ಬರು ಆನ್‌ಲೈನಿನಲ್ಲಿ ಒಂದು ಹೂಜಿ ತರಿಸಿಕೊಂಡು, ಸುಮಾರು ಮೂರು ತಿಂಗಳ ನಂತರ, ವಸ್ತು ಚಿತ್ರದಲ್ಲಿದ್ದಂತಿಲ್ಲ ಎಂದು ನನಗಲ್ಲ, ತಮ್ಮ ಬ್ಯಾಂಕಿಗೆ ದೂರು ಕೊಟ್ಟರು. ಇಂಥ ದೂರಿಗೆ ಕಾರ್ಡ್ ಜಾಲಗಳ ನಿಯಮಗಳು ಸಾಮಾನ್ಯವಾಗಿ 120 ದಿನಗಳವರೆಗೆ ಅವಕಾಶ ಕೊಡುತ್ತವೆ. ಪಾವತಿ ಕಂಪನಿಯವರು ನನ್ನನ್ನು ಒಂದು ಮಾತು ಕೇಳುವ ಮೊದಲೇ ಹಣವನ್ನೂ, ಅದರೊಂದಿಗೆ ದೂರಿನ ಶುಲ್ಕವನ್ನೂ ನನ್ನ ಖಾತೆಯಿಂದ ಎತ್ತಿಕೊಂಡು, ಆಮೇಲೆ ಸಾಕ್ಷ್ಯ ಸಲ್ಲಿಸಿ ಎಂದು ಪತ್ರ ಕಳುಹಿಸಿದರು. ಕಳುಹಿಸಿದ ರಸೀದಿ, ಪಾರ್ಸೆಲ್ಲಿನ ಸಂಖ್ಯೆ, ಸಹಿ ಹಾಕಿ ಪಡೆದುಕೊಂಡ ದಾಖಲೆ, ಹೂಜಿಯ ಚಿತ್ರಗಳು, ಮೆರುಗಿನ ಬಣ್ಣ ಪ್ರತಿ ಸುಡುವಿಕೆಯಲ್ಲೂ ಸ್ವಲ್ಪ ಬೇರೆಯಾಗುತ್ತದೆ ಎಂದು ನಾನು ಮೊದಲೇ ಬರೆದಿದ್ದ ಸಾಲು, ಇಷ್ಟನ್ನೂ ಜೋಡಿಸುವುದರಲ್ಲಿ ಎರಡು ದಿನ ಹೋಯಿತು. ಆ ಎರಡು ದಿನ ತಿರುಗಣೆಯ ಮೇಲಿದ್ದ ಮಣ್ಣು ಒಣಗಿ ಬಿರುಕು ಬಿಟ್ಟಿತು. ಹೂಜಿಯ ಕತ್ತಿನ ಬಳಿ ನೀಲಿ ಇಳಿದು ಹಸಿರಾಗುವ ಜಾಗವೇ ಅದರ ಚೆಲುವು. ಬ್ಯಾಂಕಿನ ಮೇಜಿನ ಮೇಲೆ ಅದೇ ನನ್ನ ಅಪರಾಧವಾಯಿತು. ಕೊನೆಗೆ ತೀರ್ಪು ನನ್ನ ಪರವಾಗಿಯೇ ಬಂದು ಹೂಜಿಯ ಹಣ ಮರಳಿತು, ದೂರಿನ ಶುಲ್ಕ ಮರಳಲಿಲ್ಲ. ಗೆದ್ದದ್ದಕ್ಕೂ ದಂಡ ಕಟ್ಟುವ ನ್ಯಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ಕಾರ್ಡು ಬೇಡವೆಂದುಬಿಡಿ ಎಂದು ಹೇಳುವುದು ಸುಲಭ. ಒಂದು ದಿನ ಯಂತ್ರವನ್ನು ಪೆಟ್ಟಿಗೆಯೊಳಗಿಟ್ಟು ನೋಡಿದೆ. ದೊಡ್ಡ ಜಾಡಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಮೆಚ್ಚಿ ನಿಂತಿದ್ದವರು, ಕಾರ್ಡು ನಡೆಯುವುದಿಲ್ಲ ಎಂದ ಕೂಡಲೇ ಅದನ್ನು ಮೆಲ್ಲಗೆ ಕೆಳಗಿಟ್ಟು ಮುಂದೆ ಹೋದರು. ಯಂತ್ರ ಮತ್ತೆ ಹೊರಗೆ ಬಂತು.

ಹಿಂದಿರುಗಿ ಬಂದ ಆ ಆರು ಬಟ್ಟಲುಗಳನ್ನು ಒರೆಸಿ ಪುನಃ ಕಪಾಟಿನಲ್ಲಿಟ್ಟಿದ್ದೇನೆ. ಮುಂದೆ ಕೊಳ್ಳುವವರೂ ಕಾರ್ಡನ್ನೇ ಚಾಚಿದರೆ, ಅದೇ ಬಟ್ಟಲುಗಳಿಗೆ ನಾನು ಎರಡನೆಯ ಸಲ ಶುಲ್ಕ ತೆರುತ್ತೇನೆ.