ನಮಗೆ ಬರಲ್ಲ ಸಾರ್

ಸಂಸತ್ತಿನ ಮಳೆಗಾಲದ ಅಧಿವೇಶನ ಅಂದಾಗೆಲ್ಲ ನನಗೆ 2022ರ ಜುಲೈ ತಿಂಗಳ ಆ ಪುಸ್ತಕ ನೆನಪಾಗುತ್ತದೆ. ಸದನದಲ್ಲಿ ಆಡಬಾರದ ಮಾತುಗಳ ಪಟ್ಟಿ. ಲೋಕಸಭೆ ಸಚಿವಾಲಯ ಅದನ್ನು ಹೊರಗೆ ಬಿಟ್ಟಿದ್ದು, ಊರೆಲ್ಲ ನಕ್ಕಿದ್ದು, ಯಾವ ಪದವನ್ನೂ ನಿಷೇಧಿಸಿಲ್ಲ ಅಂತ ಸ್ಪೀಕರ್ ಓಂ ಬಿರ್ಲಾ ಅವರು ಸಮಜಾಯಿಷಿ ಕೊಟ್ಟಿದ್ದು ಎಲ್ಲ ನಿಮಗೆ ಗೊತ್ತೇ ಇದೆ. ಜುಮ್ಲಾಜೀವಿ, ಶಕುನಿ, ಮೊಸಳೆ ಕಣ್ಣೀರು, ಲಾಲಿಪಾಪ್, ಕತ್ತೆ ಎಲ್ಲ ಅದರಲ್ಲಿದ್ದವು. ನನ್ನ ಕಣ್ಣು ಬಿದ್ದಿದ್ದು ‘ಇನ್‌ಕಾಂಪಿಟೆಂಟ್’ ಮೇಲೆ.

ಪಾಪದ ಪದ. ಬೈಗುಳಗಳ ಜಾತ್ರೆಯಲ್ಲಿ ಟೈ ಕಟ್ಟಿಕೊಂಡು ನಿಂತ ಗುಮಾಸ್ತನ ಥರ ಕಾಣುತ್ತಿತ್ತು. ನಮ್ಮಲ್ಲಿ ಇದೇ ಮಾತಿಗೆ ಎಷ್ಟೊಂದು ಖಾರದ ಪದಗಳಿವೆ! ದಂಡಪಿಂಡ ಅಂತ ಅಪ್ಪನೇ ಬೈಯಬೇಕು, ಅದೂ ನಾವು ಊಟಕ್ಕೆ ಕೂತಾಗ. ನಾಲಾಯಕ್ ಅನ್ನಲು ಮೇಷ್ಟ್ರೇ ಸರಿ. ಕೈಲಾಗದವನು ಅಂತ ಹೆಂಡತಿ ಅಂದರೆ, ಬಲ್ಬು ಬದಲಿಸಲು ಸ್ಟೂಲ್ ಹತ್ತದೆ ಬೇರೆ ದಾರಿಯಿಲ್ಲ.

ಲೋಕಸಭೆಯ 380ನೇ ನಿಯಮದ ಪ್ರಕಾರ ಇಂಥ ಪದಗಳನ್ನು ಸ್ಪೀಕರ್ ಕಡತದಿಂದ ತೆಗೆಸಬಹುದು. ಆ ಪದ ಬಾಯಿಗೆ ಬರುವ ಹಾಗೆ ಕೆಲಸ ಮಾಡಿದವರನ್ನು ತೆಗೆಸುವ ನಿಯಮ ಮಾತ್ರ ಅದರ ಆಸುಪಾಸಿನಲ್ಲಿ ಎಲ್ಲೂ ಸಿಗಲಿಲ್ಲ.

ಇಂಗ್ಲಿಷಿನಲ್ಲಿ ಅದು ಎಲ್ಲ ಕಡೆ ಬೈಗುಳವೂ ಆಗಿಲ್ಲ. ಹೃದಯದ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರಿದರೆ ಡಾಕ್ಟರು ಆ ವಾಲ್ವನ್ನು ಇನ್‌ಕಾಂಪಿಟೆಂಟ್ ಅನ್ನುತ್ತಾರೆ. ಮುಂದೆ ಹೋಗಬೇಕಾದ್ದು ಬಂದ ದಾರಿಯಲ್ಲೇ ವಾಪಸ್ ಬರುವ ಕಾಯಿಲೆ. ಫೈಲಿನ ಹಿಂದೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾನೂನಿನಲ್ಲಿ ಇನ್ನೂ ಮಜಾ. 1872ರ ಕರಾರು ಕಾಯ್ದೆಗೆ 18 ತುಂಬದ ಹುಡುಗ ಎಷ್ಟೇ ಜಾಣನಾದರೂ ಕಾಂಪಿಟೆಂಟ್ ಅಲ್ಲ. ಹುಟ್ಟುಹಬ್ಬದ ದಿನ ಹಲ್ಲುಜ್ಜುವ ಹೊತ್ತಿಗೆ ಆಗಿಬಿಡುತ್ತಾನೆ. ಅಲ್ಲಿ ಪ್ರಶ್ನೆ ಅಧಿಕಾರದ್ದು, ಜಾಣತನದ ಲೆಕ್ಕ ಯಾರೂ ಕೇಳುವುದಿಲ್ಲ. ನಮ್ಮ ಸುತ್ತೋಲೆಗಳ ‘ಸಕ್ಷಮ ಪ್ರಾಧಿಕಾರ’, ಅಂದರೆ ಕಾಂಪಿಟೆಂಟ್ ಅಥಾರಿಟಿ, ಹುಟ್ಟಿದ್ದೂ ಇದೇ ಮನೆಯಲ್ಲಿ. ಕೆಲಸ ಗೊತ್ತಿರಲಿ ಬಿಡಲಿ, ಸೀಲು ಇದ್ದರೆ ಸಕ್ಷಮ.

ಕೈಲಾಗದಿರುವುದು, ಅಧಿಕಾರ ಇಲ್ಲದಿರುವುದು, ಎರಡನ್ನೂ ಒಂದೇ ಪದದಲ್ಲಿ ತುರುಕಿದೆವು ಅಂತ ಇಂಗ್ಲಿಷಿನವರು ಬೀಗಬೇಕಿಲ್ಲ. ನಮ್ಮ ಕಚೇರಿಗಳು ಮೂರೇ ಅಕ್ಷರದಲ್ಲಿ ಮುಗಿಸಿವೆ. ಬರಲ್ಲ.

ನಮ್ಮ ಬೀದಿಯ ಚರಂಡಿ ಮೇಲಿನ ಚಪ್ಪಡಿ ಯುಗಾದಿಗೆ ಮುಂಚೆ ಮುರಿಯಿತು. ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ.

‘ಚರಂಡಿ ನಮಗೆ ಬರಲ್ಲ ಸಾರ್. ರಸ್ತೆ ಮಾತ್ರ.’

ಇನ್ನೊಂದು ಕಚೇರಿಗೆ ಹೋದೆ.

‘ಒಳಗಿನ ನೀರು ನಮಗೆ ಬರುತ್ತೆ. ಚಪ್ಪಡಿ ಬರಲ್ಲ.’

‘ಹಾಗಾದ್ರೆ ಚಪ್ಪಡಿ ಯಾರಿಗೆ ಬರುತ್ತೆ?’

‘ಮೇಡಂ ಬಂದ ಮೇಲೆ ಕೇಳಿ.’

‘ಯಾವಾಗ ಬರ್ತಾರೆ?’

‘ಇವತ್ತು ಬರಲ್ಲ.’

ಒಂದೇ ಕ್ರಿಯಾಪದದಲ್ಲಿ ಇಡೀ ಆಡಳಿತ ನಡೆಸುವ ಈ ಕಲೆ ವ್ಯಾಕರಣ ಪಂಡಿತರಿಗೂ ಬರಲ್ಲ. ನಾನಂತೂ ತಲೆಬಾಗಿದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಆ ಗುಂಡಿಗೆ ಬೇವಿನ ಟೊಂಗೆ ನೆಟ್ಟು, ತುದಿಗೆ ಕೆಂಪು ಪ್ಲಾಸ್ಟಿಕ್ ಕವರ್ ಕಟ್ಟಿದ್ದರು. ಈ ವರ್ಷ ನಮ್ಮ ಬೀದಿಯಲ್ಲಿ ಆದ ಕಾಮಗಾರಿ ಅದೊಂದೇ.

ಕಳೆದ ವಾರ ಕರೆಂಟು ಹೋಗಿದ್ದ ಸಂಜೆ ಎದುರು ಮನೆ ಅಜ್ಜಿ ಹಾಲು ತರಲು ಹೋಗಿ ಅದರೊಳಗೆ ಕಾಲಿಟ್ಟರು. ಟೊಂಗೆ ಕಾಣಲಿಲ್ಲವಂತೆ. ಮೊಣಕೈ ಮುರಿದಿದೆ. ಆ ವಯಸ್ಸಿಗೆ ಅದು ಕೂಡುವುದು ಯಾವಾಗ? ಒಂದು ಚಪ್ಪಡಿ ಕಣ್ರೀ. ನಾಲ್ಕಡಿ ಕಲ್ಲು. ಇಬ್ಬರು ಆಳು, ಅರ್ಧ ದಿನದ ಕೆಲಸ. ಅದೂ ಬರಲ್ಲ ಅಂದರೆ ನಿಮಗೆ ಬರುವುದಾದರೂ ಏನು? ಸಂಬಳ ಬರುತ್ತೆ ತಾನೆ?

ಮೂರನೇ ಅರ್ಜಿ ಬರೆಯಲು ಕೂತೆ. ಸಿಟ್ಟಿನಲ್ಲಿ ‘ಇನ್‌ಕಾಂಪಿಟೆಂಟ್’ ಅಂತ ಬರೆದವನು, ಪಟ್ಟಿ ನೆನಪಾಗಿ ಹೊಡೆದು ಹಾಕಿದೆ. ಅಜ್ಜಿಯ ವಿಷಯ ಸೇರಿಸಿದೆ. ಕೌಂಟರಿನಲ್ಲಿದ್ದವರು ಸಮಾಧಾನದಿಂದ ಪೂರ್ತಿ ಓದಿದರು. ಆಮೇಲೆ ಪೆನ್ನಿನ ತುದಿ ಕೊನೆಯ ಸಾಲಿನ ಮೇಲಿಟ್ಟರು.

‘ಇದು, ಕೈ ಮುರಿದಿದ್ದು ಅಂತ ಬರೆದಿದ್ದೀರಲ್ಲ, ಇದು ನಮಗೆ ಬರಲ್ಲ ಸಾರ್. ಆರೋಗ್ಯ ಇಲಾಖೆ.’