ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಚೆಸ್ಟ್ ನಂಬರ್ ಕೊಡಬೇಡಿ

ಪೊಲೀಸರು, ಫೈರ್‌ನವರು, 108ರ ಹುಡುಗರು ಒಟ್ಟಿಗೆ 21 ಕಿಲೋಮೀಟರ್ ಓಡೋದು ನೋಡೋಕೆ ಬಲು ಚೆಂದ. ನಮ್ಮ ಠಾಣೆ ಮುಂದೋ ನಿಮ್ಮ ಠಾಣೆ ಮುಂದೋ ಅನ್ನೋ ಆ ಹುಮ್ಮಸ್ಸು ಇರಲೇಬೇಕು. ಆದರೆ ಇವತ್ತು ಬೆಳಗ್ಗೆ ದಾವಣಗೆರೆಯಲ್ಲಿ ಓಟ ಶುರುವಾಗೋ ಗೆರೆ ಹತ್ರ ಕಂಡ ಕೆಂಪು ಕಣ್ಣುಗಳು ಹೊಟ್ಟೆ ಉರಿಸಿದವು. ರಾತ್ರಿ ಗಸ್ತು ಮುಗಿಸಿ ನೇರ ಮೈದಾನಕ್ಕೆ ಬಂದು, ಖಾಕಿ ಮಡಚಿ ಬ್ಯಾಗಿಗೆ ತುರುಕಿ, ಪಿಟಿ ಶೂ ಲೇಸ್ ಬಿಗಿಯುತ್ತಿದ್ದವರು ಒಬ್ಬಿಬ್ಬರಲ್ಲ.

ನಿದ್ದೆಗೆಟ್ಟ ಮೈಗೆ ದಿನಾ ಓಡೋ ವೇಗವೇ ಭಾರ ಆಗುತ್ತೆ. ರಾತ್ರಿಯೆಲ್ಲ ಬರೀ ಟೀ ಮೇಲೆ ಕಳೆದಿದ್ದರೆ ನೀರಿನಂಶವೂ ಕಮ್ಮಿ. ಇವೆರಡೂ ಸೇರಿದಾಗ ಬಿಸಿಲಲ್ಲಿ ಓಡುವವರ ಮೈಶಾಖ ಹಿಡಿತ ತಪ್ಪುತ್ತೆ. 40 ಡಿಗ್ರಿ ದಾಟಿ ಮಾತು ತೊದಲಿತು ಅಂದರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್.

'ಅವರಿಗೇನ್ರಿ, ಗಟ್ಟಿಮುಟ್ಟು ಜನ, ಫಿಸಿಕಲ್ ಪಾಸಾಗಿ ಬಂದವರು' ಅಂತಾರೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರಿಗೆ ಇರೋದು 1600 ಮೀಟರ್, ಆರೂವರೆ ನಿಮಿಷ. ಅಷ್ಟು ದೂರವನ್ನ ಹಟದಲ್ಲೇ ಮುಗಿಸಬಹುದು. 21 ಕಿಲೋಮೀಟರ್ ಹಟಕ್ಕೆ ಬಗ್ಗಲ್ಲ. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್, ಅಂದರೆ ಓಟಕ್ಕೆ ಇಂಧನವಾಗೋ ಸಕ್ಕರೆ ದಾಸ್ತಾನು, ಜೋರಾಗಿ ಓಡಿದರೆ ಒಂದೂವರೆ, ಎರಡು ಗಂಟೆಯಲ್ಲಿ ಬರಿದಾಗುತ್ತೆ. ಪಕ್ಕದ ಠಾಣೆಯವರನ್ನ ಹಿಂದಿಕ್ಕೋ ಭರದಲ್ಲಿ ಮೊದಲ ಮೂರು ಕಿಲೋಮೀಟರನ್ನ ಐದೈದು ನಿಮಿಷಕ್ಕೆ ಓಡಿದವರ ಕಾಲು ಹದಿನೈದನೇ ಕಿಲೋಮೀಟರಿನ ಹೊತ್ತಿಗೆ ಕಲ್ಲಾಗೋದು ಅದಕ್ಕೇ. ಇದು ನಿದ್ದೆ ಮಾಡಿ ಬಂದವರ ಪಾಡು. ನಿದ್ದೆ ಇಲ್ಲದವರ ಕಥೆ ಕೇಳಲೇಬೇಡಿ.

ಇದರ ಮೇಲೆ ಓಟಕ್ಕೆ ಚಾಲನೆ ಕೊಡೋ ಅತಿಥಿಗಳಿಗಾಗಿ ಕಾಯೋದು ಬೇರೆ! ಕಿಲೋಮೀಟರಿಗೆ ಆರೂವರೆ ನಿಮಿಷದಂತೆ ಓಡುವವರು 2 ಗಂಟೆ 17 ನಿಮಿಷ ರಸ್ತೆ ಮೇಲಿರ್ತಾರೆ. ಐದೂವರೆಗೆ ಬಿಟ್ಟರೆ ಎಂಟರೊಳಗೆ ಮುಗೀತು. ಏಳೂವರೆಗೆ ಬಿಟ್ಟರೆ ಒಂಬತ್ತೂಮುಕ್ಕಾಲು. ಆ ಹೊತ್ತಿಗೆ ಪಿ.ಬಿ. ರಸ್ತೆಯಲ್ಲಿ ನೆರಳೆಲ್ಲಿ? ಕಾಂಕ್ರೀಟ್ ರಸ್ತೆಯಿಂದ ಝಳ ಮುಖಕ್ಕೇ ಹೊಡೆಯುತ್ತೆ. 1944ರ ಬಾಂಬೆ ಡಾಕ್ ಸ್ಫೋಟದಲ್ಲಿ ಪ್ರಾಣ ಕೊಟ್ಟ ಅಗ್ನಿಶಾಮಕರ ನೆನಪಿನ ಸಪ್ತಾಹ ಶುರುವಾಗೋದು ಏಪ್ರಿಲ್ 14ಕ್ಕೆ, ಕಡು ಬೇಸಿಗೆಯಲ್ಲಿ. ಆ ವಾರ ಗೌರವ ಸಲ್ಲಿಸಿ, ಓಟ ಮಾತ್ರ ಡಿಸೆಂಬರಿಗೆ ಇಡಿ.

ಮತ್ತೆ ಅದೇ ಮಾತಿಗೆ ಬರ್ತೀನಿ: ಡ್ಯೂಟಿ ಚಾರ್ಟ್. ಓಟ ಭಾನುವಾರ ಇದ್ದರೆ ಶುಕ್ರವಾರ, ಶನಿವಾರ ಎರಡೂ ರಾತ್ರಿ ಬಿಡುವು ಸಿಗಬೇಕು. ಹಿಂದಿನ ರಾತ್ರಿ ಒಂದೇ ಸಾಲದು, ಓಟದ ಕಳವಳಕ್ಕೇ ಅರ್ಧ ನಿದ್ದೆ ಹೋಗಿರುತ್ತೆ. ಹದಿನೈದು ದಿನ ಮುಂಚೆ ಓಡುವವರ ಪಟ್ಟಿ ಡ್ಯೂಟಿ ಹಾಕೋ ಸ್ಟೇಷನ್ ರೈಟರ್ ಕೈ ಸೇರಿದರೆ ಪಾಳಿ ಬದಲಿಸೋದು ಕಷ್ಟವಲ್ಲ. ಮೂರು ದಿನ ಮುಂಚೆ ಹೇಳಿದರೆ ಆಗುತ್ತಾ?

ಇನ್ನೊಂದು ವಿಷಯ ಯಾರೂ ಯೋಚಿಸಲ್ಲ. ಯಾರಾದರೂ ಬಿದ್ದರೆ ಎತ್ತುವ ಕೈಗಳೇ ಅವತ್ತು ಓಡ್ತಿರ್ತವೆ. ಅದಕ್ಕೆ ಓಡದ ನಾಲ್ಕು ಜನ, ಆಳು ಕೂರುವಷ್ಟು ದೊಡ್ಡ ಟಬ್, ನೀರು, ಐಸ್ ಇವೆಲ್ಲ ಮುಕ್ತಾಯದ ಗೆರೆ ಹತ್ರ ಮೊದಲೇ ಸಿದ್ಧ ಇರಬೇಕು. ಅಡ್ಡಾದಿಡ್ಡಿ ಓಡ್ತಾ, ಹೆಸರು ಕೇಳಿದರೆ ತಡವರಿಸಿದರೆ ತಕ್ಷಣ ಎದೆಮಟ್ಟ ಐಸ್ ನೀರಲ್ಲಿ ಕೂರಿಸಿ, ತಲೆ ಹಿಡಿದುಕೊಂಡಿರಿ, ನೀರು ಕಲಕುತ್ತಿರಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತೆ. ಮೊದಲು ಮೈ ತಂಪಾಗಲಿ, ಆಮೇಲೆ ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಸಾಗಿಸಿ. ಬೆವರು ಹರೀತಿದೆ, ಹೀಟ್ ಸ್ಟ್ರೋಕ್ ಇರಲಿಕ್ಕಿಲ್ಲ ಅಂತ ಸುಮ್ಮನಾಗಬೇಡಿ. ಓಟಗಾರರಲ್ಲಿ ಬೆವರು ಇದ್ದೂ ಹೀಗಾಗುತ್ತೆ.

ಆಯೋಜಕರೇ, ಮುಂದಿನ ಸಲ ನೋಂದಣಿ ಫಾರ್ಮಿಗೆ ಒಂದು ಸಾಲು ಸೇರಿಸಿ: 'ಹಿಂದಿನ ಎರಡು ರಾತ್ರಿ ಡ್ಯೂಟಿ ಇದೆಯೇ?' ಇದೆ ಅಂದವರ ಠಾಣೆಗೆ ನೀವೇ ಫೋನ್ ಮಾಡಿ ಪಾಳಿ ಬದಲಿಸಲು ಕೇಳಿ. ಆಗಲ್ಲ ಅಂದರೆ ಟೀ ಶರ್ಟು, ಪದಕ ಕೊಟ್ಟು ಪ್ರೀತಿಯಿಂದ ಮನೆಗೆ ಕಳಿಸಿ. ಮಲಗಲಿ.